ಯೂರಿಯಾ ಸಾವಯವ ಹೌದೋ, ಅಲ್ಲವೋ?

ವಿಜ್ಞಾನದ ಮೇಷ್ಟ್ರು (ತುಮಕೂರು ಜಿಲ್ಲೆ)

ಹತ್ತನೆಯ ತರಗತಿಯಲ್ಲಿ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠಕ್ಕೆ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುವ ಪ್ರಶ್ನೆಯೊಂದಿದೆ. ಯೂರಿಯಾ ಎಂಬ ಸಾವಯವ ಸಂಯುಕ್ತವನ್ನು ವೋಲರ್ ಪ್ರಯೋಗಶಾಲೆಯಲ್ಲಿ ತಯಾರಿಸಿದನೆಂದು ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಅದೇ ಮಕ್ಕಳ ಮನೆಯಲ್ಲಿ, ರಾಗಿ ಹೊಲಕ್ಕೆ ಒಂದು ಚೀಲ ಯೂರಿಯಾ ಎರಚಿದರೆ ಆ ಬೆಳೆ ಸಾವಯವವಲ್ಲ ಎನ್ನುತ್ತಾರೆ. ಕೃಷಿ ಇಲಾಖೆಯ ಕರಪತ್ರದಲ್ಲಿಯೂ ಹಾಗೆಯೇ ಇರುತ್ತದೆ. ಎರಡು ಕಡೆ ಒಂದೇ ಪದ, ಅರ್ಥ ಮಾತ್ರ ಬೇರೆ ಎಂದಷ್ಟೇ ಹೇಳಿದರೆ ಮಕ್ಕಳಿಗೆ ಸಮಾಧಾನವಾಗುವುದಿಲ್ಲ. ಹೇಗೆ ಬೇರೆಯಾಯಿತು, ಯಾವುದು ಸರಿ ಎಂದು ಕೇಳುತ್ತಾರೆ. ಇಲ್ಲಿ ರಸಾಯನಶಾಸ್ತ್ರ ಬಲ್ಲವರೂ ಕೃಷಿಕರೂ ಇದ್ದೀರಿ. ತರಗತಿಯಲ್ಲಿ ಹೇಳಬಹುದಾದ, ಆದರೆ ಸುಳ್ಳಾಗದ ಉತ್ತರವೊಂದು ಬೇಕಾಗಿದೆ.

ನಿವೃತ್ತ ಉಪನ್ಯಾಸಕ (ರಸಾಯನಶಾಸ್ತ್ರ)

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳ ಅನುಮಾನಕ್ಕೆ ಎರಡು ಶತಮಾನಗಳ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಮುಂತಾದವರು ವಸ್ತುಗಳನ್ನು ಅವುಗಳ ಮೂಲ ನೋಡಿ ವಿಂಗಡಿಸುತ್ತಿದ್ದರು. ಸಸ್ಯ ಮತ್ತು ಪ್ರಾಣಿಗಳ ದೇಹದಿಂದ ದೊರೆಯುವ ಸಕ್ಕರೆ, ಎಣ್ಣೆ, ಹುಳಿ, ಮೂತ್ರದ ಯೂರಿಯಾ ಇವೆಲ್ಲ ಒಂದು ಗುಂಪು. ನೆಲದಿಂದ ಅಗೆದು ತೆಗೆಯುವ ಉಪ್ಪು, ಸುಣ್ಣ, ಲೋಹಗಳು ಇನ್ನೊಂದು ಗುಂಪು. ಮೊದಲ ಗುಂಪಿನ ವಸ್ತುಗಳನ್ನು ಜೀವವಿರುವ ದೇಹ ಮಾತ್ರ ತಯಾರಿಸಬಲ್ಲದು, ಅದಕ್ಕೊಂದು ಜೀವಶಕ್ತಿ ಬೇಕು ಎಂಬುದು ಅಂದಿನ ನಂಬಿಕೆ. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟನ್ನು ಕಾಯಿಸಿ ಯೂರಿಯಾ ಪಡೆದನು. ಮನುಷ್ಯನದ್ದಾಗಲಿ ನಾಯಿಯದ್ದಾಗಲಿ ಮೂತ್ರಪಿಂಡದ ಹಂಗಿಲ್ಲದೆ ಯೂರಿಯಾ ಮಾಡಿದ್ದೇನೆ ಎಂಬರ್ಥದಲ್ಲಿ ತನ್ನ ಗುರು ಬರ್ಜೀಲಿಯಸನಿಗೇ ಪತ್ರ ಬರೆದನು. ಅಂದೇ ಹಳೆಯ ನಂಬಿಕೆ ಸತ್ತಿತೆಂದು ಪಠ್ಯಗಳು ಹೇಳುವುದು ಸ್ವಲ್ಪ ಆತುರದ ಮಾತು. 1845ರಲ್ಲಿ ಕೋಲ್ಬೆ ಅಸಿಟಿಕ್ ಆಮ್ಲವನ್ನು ಮೂಲವಸ್ತುಗಳಿಂದಲೇ ಕಟ್ಟಿ ತೋರಿಸಿದ ಮೇಲೂ ಅದು ಕುಂಟುತ್ತ ಉಳಿದಿತ್ತು.

ಗೋಡೆ ಬಿದ್ದ ಮೇಲೂ ಹೆಸರು ಮಾತ್ರ ಉಳಿಯಿತು. ಮೂಲದ ಆಧಾರ ಹೋಗಿ ರಚನೆಯ ಆಧಾರ ಬಂತು. ಅಂದರೆ ಇಂಗಾಲದ ಸಂಯುಕ್ತಗಳೆಲ್ಲ ಸಾವಯವ, ಉಳಿದವು ನಿರವಯವ ಎಂದಾಯಿತು. ಇಂಗಾಲದ ಡೈ ಆಕ್ಸೈಡ್, ಸುಣ್ಣದ ಕಲ್ಲಿನಂತಹ ಕಾರ್ಬೊನೇಟುಗಳು, ಕಾರ್ಬೈಡುಗಳನ್ನು ರೂಢಿಯಿಂದ ಹೊರಗಿಟ್ಟಿದ್ದಾರೆ. ಈ ಲೆಕ್ಕದಲ್ಲಿ ಪೆಟ್ರೋಲ್ ಸಾವಯವ, ಪ್ಲಾಸ್ಟಿಕ್ ಸಾವಯವ, ಡಿಡಿಟಿ ಸಾವಯವ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರು ತೋಪುಗಳ ಮೇಲೆ ಆಕಾಶದಿಂದ ಸಿಂಪಡಿಸಿ, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿದ ಎಂಡೋಸಲ್ಫಾನ್ ಕೂಡ ಸಾವಯವ ಸಂಯುಕ್ತವೇ. ಅದರ ವರ್ಗದ ಹೆಸರೇ ಆರ್ಗ್ಯಾನೋಕ್ಲೋರಿನ್. ಅಂಗಡಿಯಲ್ಲಿ ಓಎಲ್ಇಡಿ ಟಿವಿ ಎಂದು ಮಾರುತ್ತಾರಲ್ಲ, ಅದರ ಮೊದಲ ಅಕ್ಷರ ಆರ್ಗ್ಯಾನಿಕ್ ಎಂಬುದರದ್ದು. ಇಂಗಾಲದ ಸಂಯುಕ್ತಗಳ ತೆಳುಪದರವೇ ಅಲ್ಲಿ ಬೆಳಕು ಕೊಡುತ್ತದೆ. ಅದನ್ನು ಕೊಂಡವರು ಯಾರೂ ಸೆಗಣಿ ಗೊಬ್ಬರದಲ್ಲಿ ಬೆಳೆದ ಟಿವಿ ಎಂದು ಭಾವಿಸುವುದಿಲ್ಲ.

ಇನ್ನು ಯೂರಿಯಾದ ವಿಷಯ. ಕಾರ್ಖಾನೆಯಲ್ಲಿ ಅಮೋನಿಯಾ ಮತ್ತು ಇಂಗಾಲದ ಡೈ ಆಕ್ಸೈಡುಗಳನ್ನು ಒತ್ತಡದಲ್ಲಿ ಸೇರಿಸಿ ಮಾಡಿದ ಯೂರಿಯಾಕ್ಕೂ ಹಸುವಿನ ಗಂಜಲದಲ್ಲಿರುವ ಯೂರಿಯಾಕ್ಕೂ ಅಣುವಿನ ಮಟ್ಟದಲ್ಲಿ ಎಳ್ಳಷ್ಟೂ ಭೇದವಿಲ್ಲ. ಗಂಜಲದ ಸಾರಜನಕದ ಬಹುಪಾಲು ಯೂರಿಯಾ ರೂಪದಲ್ಲಿಯೇ ಇರುತ್ತದೆ. ಆದರೂ ಸಾವಯವ ಕೃಷಿಯ ನಿಯಮ ಚೀಲದ್ದನ್ನು ಬೇಡವೆನ್ನುತ್ತದೆ, ಕೊಟ್ಟಿಗೆಯದ್ದನ್ನು ಒಪ್ಪುತ್ತದೆ. ಅದರ ಕಾರಣ ರಸಾಯನಶಾಸ್ತ್ರದೊಳಗೆ ಸಿಗುವುದಿಲ್ಲ, ಆದ್ದರಿಂದ ನಾನು ಇಲ್ಲಿಗೇ ನಿಲ್ಲಿಸುತ್ತೇನೆ.

ಅಡಿಕೆ ತೋಟಿಗ (ಸುಳ್ಯ ಕಡೆ)

ಉಪನ್ಯಾಸಕರು ಒಂದು ದಿಕ್ಕಿನಿಂದ ಹೇಳಿದ್ದನ್ನು ನಾನು ತೋಟದ ದಿಕ್ಕಿನಿಂದ ತಿರುಗಿಸಿ ಹೇಳುತ್ತೇನೆ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಬಿಡದಿದ್ದರೆ ಕೊಳೆರೋಗ ಬಂದು ಎಳೆಯ ಕಾಯಿಗಳು ರಾಶಿ ರಾಶಿ ಉದುರುತ್ತವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇದು ಶೇಕಡಾ 1ರ ದ್ರಾವಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್, ಅದರಲ್ಲಿ ಇಂಗಾಲದ ಸುಳಿವೂ ಇಲ್ಲ. ಸುಣ್ಣವನ್ನೂ ರಸಾಯನಶಾಸ್ತ್ರ ನಿರವಯವದ ಕಡೆಗೇ ಹಾಕುತ್ತದೆ. ಆದರೆ ಸಾವಯವ ಪ್ರಮಾಣಪತ್ರ ಪಡೆದ ತೋಟಗಳಲ್ಲಿಯೂ ಈ ದ್ರಾವಣಕ್ಕೆ ಮಿತಿಯೊಳಗೆ ಅನುಮತಿ ಉಂಟು. ಅಂದರೆ ಪುಸ್ತಕದ ಪ್ರಕಾರ ಸಾವಯವವಾದ ಯೂರಿಯಾ ತೋಟದಿಂದ ಹೊರಗೆ, ನಿರವಯವವಾದ ಮೈಲುತುತ್ತು ತೋಟದ ಒಳಗೆ! ಗಂಧಕ, ಶಿಲಾರಂಜಕ (ರಾಕ್ ಫಾಸ್ಫೇಟ್) ಇವುಗಳ ಕಥೆಯೂ ಹೀಗೆಯೇ.

ಈ ದ್ರಾವಣ ನಮ್ಮ ನೆಲದ ಹುಟ್ಟೂ ಅಲ್ಲ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಂದದ್ದು. ಅದನ್ನು ಅಡಿಕೆಗೆ ಹೊಂದಿಸಿದವರು ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮಲೆನಾಡಿನಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ, ಮಳೆಗೆ ತೊಳೆದು ಹೋಗದಂತೆ ಅಂಟು ಬೆರೆಸಿ ಸಿಂಪಡಿಸುವ ಕ್ರಮವನ್ನು ಅವರು ರೂಢಿಗೆ ತಂದರು. ಮುಂದೆ ಅವರೇ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಅದಕ್ಕೂ ಹಿಂದಿನಿಂದ ಮಲೆನಾಡಿನವರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಕರಡದ ಹುಲ್ಲು ಅಥವಾ ಹಾಳೆಯಿಂದ ಟೊಪ್ಪಿಯಂತೆ ಮಾಡಿ ಗೊನೆಯ ಮೇಲೆ ಮಳೆನೀರು ಬೀಳದ ಹಾಗೆ ಕಟ್ಟುವುದು. ಈಗ ಕೊಟ್ಟೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಅದೂ ಉಪನ್ಯಾಸಕರ ಲೆಕ್ಕದಲ್ಲಿ ಸಾವಯವವೇ ಅನ್ನಿ.

ನನ್ನ ತಕರಾರು ಬೇರೆ ಇದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ವರ್ಷವರ್ಷವೂ ಬಿಟ್ಟದ್ದು ಬುಡಕ್ಕೆ ಇಳಿದು ಮಣ್ಣಿನಲ್ಲಿ ಶೇಖರವಾಗುತ್ತದೆ, ಹೆಚ್ಚಾದರೆ ಎರೆಹುಳಕ್ಕೂ ಸೂಕ್ಷ್ಮಜೀವಿಗಳಿಗೂ ಒಳ್ಳೆಯದಲ್ಲ. ಯುರೋಪಿನವರು ಇದನ್ನು ಕಂಡುಕೊಂಡು 2019ರಿಂದ ಏಳು ವರ್ಷಗಳ ಅವಧಿಗೆ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರ ಮೀರಬಾರದೆಂದು ಮಿತಿ ಹಾಕಿದ್ದಾರೆ. ಸಾವಯವ ಎಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ಮಣ್ಣಿಗೆ ಹಾನಿ ಇಲ್ಲವೆಂದು ಯಾರೂ ಹೇಳಬಾರದು. ಆದರೆ ಬೋರ್ಡೋ ಬಿಟ್ಟು ಕೊಳೆರೋಗ ತಡೆಯುವ ದಾರಿ ತೋರಿಸಿ ಎಂದರೆ, ಇಷ್ಟು ಕಡಿಮೆ ಖರ್ಚಿನದ್ದನ್ನು ನನಗಂತೂ ಯಾರೂ ತೋರಿಸಿಲ್ಲ.

ಗ್ರಾಹಕಿ (ಬೆಂಗಳೂರು)

ಇಷ್ಟು ಸುತ್ತುವ ಅಗತ್ಯವೇನು? ಪೇಟೆಯಲ್ಲಿ ಸಾವಯವ ಎಂದರೆ ರಾಸಾಯನಿಕ ಇಲ್ಲದ್ದು ಎಂದು ಎಲ್ಲರಿಗೂ ಗೊತ್ತು. ಅನುಮಾನವಿದ್ದರೆ ಲ್ಯಾಬಿಗೆ ಕಳುಹಿಸಿ, ಕೀಟನಾಶಕದ ಉಳಿಕೆ ಇಲ್ಲದಿದ್ದರೆ ಸಾವಯವ, ಇದ್ದರೆ ಅಲ್ಲ. ದುಡ್ಡು ಕೊಡುವವರಿಗೆ ಬೇಕಾದದ್ದು ಅದಷ್ಟೇ.

ಹಿಂದೆ ಪ್ರಮಾಣನ ಪರಿವೀಕ್ಷಕನಾಗಿದ್ದವ

ಮೇಡಂ, ನಿಮ್ಮ ಮಾತಿನಲ್ಲಿ ಎರಡು ಕಡೆ ತೊಡಕಿದೆ. ರಾಸಾಯನಿಕ ಇಲ್ಲದ ವಸ್ತು ಜಗತ್ತಿನಲ್ಲಿಯೇ ಇಲ್ಲ, ನೀರೂ ರಾಸಾಯನಿಕವೇ. ಅದನ್ನು ಮಾತಿನ ಧಾಟಿ ಎಂದು ಬಿಡೋಣ. ಎರಡನೆಯದು ಹಾಗೆ ಬಿಡುವಂಥದ್ದಲ್ಲ. ಲ್ಯಾಬಿನ ವರದಿಯಿಂದ ಒಂದು ಅಕ್ಕಿಯ ಮೂಟೆ ಸಾವಯವವೆಂದು ಸಾಬೀತಾಗುವುದಿಲ್ಲ. ಉಳಿಕೆ ಇಲ್ಲದಿರುವುದಕ್ಕೆ ಹಲವು ಕಾರಣಗಳಿರಬಹುದು. ಗದ್ದೆಗೆ ಎರಡು ಸಲ ಯೂರಿಯಾ ಕೊಟ್ಟಿದ್ದರೂ ಕಾಳಿನಲ್ಲಿ ಅದರ ಗುರುತು ಸಿಗುವುದಿಲ್ಲ. ಸಿಂಪಡಿಸಿದ ಔಷಧಿ ಕೊಯ್ಲಿನ ಹೊತ್ತಿಗೆ ಬಿಸಿಲಿಗೆ ಒಡೆದು ಹೋಗಿರಬಹುದು. ಕಳೆನಾಶಕ ಬಳಸಿ ಬೆಳೆದ ಪೈರಿನ ಕಾಳೂ ಪರೀಕ್ಷೆಯಲ್ಲಿ ಪಾಸಾಗಬಹುದು. ಇದಕ್ಕೆ ತಿರುಗುಮುರುಗಾಗಿ, ಪ್ರಾಮಾಣಿಕವಾಗಿ ಬೆಳೆದ ರೈತನ ಕಾಳಿನಲ್ಲಿ ಪಕ್ಕದ ಹೊಲದಿಂದ ಗಾಳಿಗೆ ತೇಲಿ ಬಂದ ಔಷಧಿಯ ಗುರುತು ಸಿಗಬಹುದು.

ಆದ್ದರಿಂದ ಕಾನೂನು ಈ ಪದವನ್ನು ವಸ್ತುವಿನ ಗುಣವೆಂದು ಹಿಡಿಯದೆ, ಬೆಳೆದ ಕ್ರಮದ ಹೆಸರೆಂದು ಹಿಡಿದಿದೆ. ಕೇಂದ್ರ ವಾಣಿಜ್ಯ ಸಚಿವಾಲಯದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ 2001ರಿಂದ ನಡೆಯುತ್ತಿದೆ. ಆ ಸಚಿವಾಲಯದ ಕೃಷಿ ರಫ್ತು ಪ್ರಾಧಿಕಾರವಾದ ಎಪಿಇಡಿಎ ಅದರ ಹೊಣೆ ಹೊತ್ತಿದೆ. ಅದರ ಪ್ರಕಾರ ವಾರ್ಷಿಕ ಬೆಳೆಯ ಜಮೀನಿಗೆ ಬಿತ್ತನೆಗೆ ಮುಂಚೆ ಎರಡು ವರ್ಷ, ತೋಟದ ಬೆಳೆಗೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಪರಿವರ್ತನೆಯ ಅವಧಿ ಇರಬೇಕು. ಬೀಜ ಎಲ್ಲಿಂದ ತಂದದ್ದು, ಗೊಬ್ಬರ ಯಾವುದು, ಬದುವಿನಾಚೆ ಯಾರು ಏನು ಸಿಂಪಡಿಸುತ್ತಾರೆ, ನಡುವೆ ಎಷ್ಟು ಅಂತರ ಬಿಟ್ಟಿದ್ದಾರೆ, ಕೊಯ್ದದ್ದನ್ನು ಯಾವ ಚೀಲದಲ್ಲಿ ತುಂಬಿದರು, ಆ ಚೀಲ ಹಿಂದೆ ಯೂರಿಯಾ ಚೀಲವಾಗಿತ್ತೇ, ಇವೆಲ್ಲ ಬರಹದಲ್ಲಿರಬೇಕು. ಕೊನೆಯ ಪ್ರಶ್ನೆಗೆ ಎಷ್ಟೋ ಕಡೆ ಮೌನವೇ ಉತ್ತರವಾಗಿ ಸಿಗುತ್ತಿತ್ತು ಎಂಬುದನ್ನು ಇಲ್ಲಿ ಸೇರಿಸಬಹುದು. ಸಣ್ಣ ರೈತರು 25ರಿಂದ 500 ಮಂದಿಯವರೆಗೆ ಗುಂಪಾಗಿ ಸೇರಿ, ತಮ್ಮೊಳಗೇ ತಪಾಸಣೆಯ ವ್ಯವಸ್ಥೆ ಇಟ್ಟುಕೊಂಡು ಪ್ರಮಾಣಪತ್ರ ಪಡೆಯುವ ಅವಕಾಶವಿದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಈ ಕೆಲಸ ಮಾಡುತ್ತದೆ.

ಕೃಷಿ ಸಚಿವಾಲಯದ ಪಿಜಿಎಸ್, ಅಂದರೆ ರೈತರೇ ಪಾಲ್ಗೊಂಡು ಖಾತರಿ ಕೊಡುವ ಪದ್ಧತಿ ಬೇರೆ. ಅಲ್ಲಿ ಹೊರಗಿನ ಪರಿವೀಕ್ಷಕ ಬರುವುದಿಲ್ಲ. ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಕನಿಷ್ಠ ಐದು ರೈತರು ಒಬ್ಬರ ಹೊಲವನ್ನು ಒಬ್ಬರು ನೋಡಿ ಸಾಕ್ಷಿ ಹೇಳುತ್ತಾರೆ. ಪರಿವರ್ತನೆಯಲ್ಲಿರುವಾಗ ಪಿಜಿಎಸ್ ಗ್ರೀನ್, ಮುಗಿದ ಮೇಲೆ ಪಿಜಿಎಸ್ ಆರ್ಗ್ಯಾನಿಕ್. ನೆರೆಯವನಿಗಿಂತ ದೊಡ್ಡ ಪರಿವೀಕ್ಷಕ ಯಾರು ಎಂದು ಕೆಲವರು ಇದನ್ನು ಮೆಚ್ಚುತ್ತಾರೆ. ನೆರೆಯವನ ಮೇಲೆ ದೂರು ಹೇಳುವವರು ಯಾರು ಎಂದು ಕೆಲವರು ಅನುಮಾನಿಸುತ್ತಾರೆ. ಎರಡೂ ನಿಜವಾಗಿರುವ ಊರುಗಳನ್ನು ನಾನು ಕಂಡಿದ್ದೇನೆ.

ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಸಾವಯವ ಆಹಾರದ ನಿಯಮಾವಳಿ ಹೊರಡಿಸಿತು, 2018ರ ಜುಲೈನಿಂದ ಅದು ಅನ್ವಯವಾಗಿದೆ. ಪ್ಯಾಕೆಟ್ಟಿನ ಮೇಲೆ ಸಾವಯವ ಎಂದು ಅಚ್ಚುಹಾಕಿ ಮಾರಬೇಕಾದರೆ ಮೇಲಿನ ಎರಡರಲ್ಲಿ ಒಂದು ಪ್ರಮಾಣನ ಇರಬೇಕು, ‘ಜೈವಿಕ್ ಭಾರತ್’ ಚಿಹ್ನೆ ಇರಬೇಕು ಎಂದು ಅದು ವಿಧಿಸಿತು. ಉಳಿಕೆಗೂ ಅದರಲ್ಲಿ ಬಿಗಿಯಾದ ಮಿತಿ ಇದೆ. ಆದರೆ ಆ ಮಿತಿ ಕ್ರಮದ ಜೊತೆಗೆ ಸೇರಿದ ಷರತ್ತೇ ಹೊರತು, ಅದೊಂದೇ ಸಾವಯವದ ಲಕ್ಷಣವಲ್ಲ. ಗಂಜಲದ ಯೂರಿಯಾ ಒಳಗೆ, ಚೀಲದ ಯೂರಿಯಾ ಹೊರಗೆ ಎಂಬುದರ ಕಾರಣವೂ ಇದೇ. ಪರೀಕ್ಷೆ ಅಣುವಿನದ್ದಲ್ಲ, ಅದು ಹೊಲಕ್ಕೆ ಬಂದ ದಾರಿಯದ್ದು. ಬೇವು ಲೇಪಿಸಿದ ಯೂರಿಯಾ ಅರ್ಧ ಸಾವಯವವೇ ಎಂದು ನನ್ನನ್ನು ಕೇಳಿದವರುಂಟು. 2015ರಿಂದ ದೇಶದಲ್ಲಿ ಕೃಷಿಗೆ ಮಾರುವ ಯೂರಿಯಾ ಬಹುಪಾಲು ಬೇವು ಲೇಪಿತವೇ ಆಗಿದೆ, ಬೇವಿನ ಎಣ್ಣೆಯಿಂದ ಅದರ ದಾರಿ ಬದಲಾಗುವುದಿಲ್ಲ.

ಆಲೆಮನೆ (ಮಂಡ್ಯ)

ಪರಿವೀಕ್ಷಕರ ಮಾತಿಗೆ ಬೆಲ್ಲದ ಉದಾಹರಣೆ ಸೇರಿಸುತ್ತೇನೆ, ಏಕೆಂದರೆ ಈ ಪದದ ದುರುಪಯೋಗ ಬೆಲ್ಲದಲ್ಲಿ ಆದಷ್ಟು ಬೇರೆಲ್ಲೂ ಆಗಿಲ್ಲವೆಂದು ನನ್ನ ಅಭಿಪ್ರಾಯ. ಕಬ್ಬಿನ ಹಾಲು ಕುದಿಯುವಾಗ ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು ಕಲ್ಮಶ ತೆಗೆಯುವುದು ಹಳೆಯ ಕ್ರಮ. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ (ಸೋಡಿಯಂ ಹೈಡ್ರೋಸಲ್ಫೈಟ್) ಹಾಕುವುದು ಆಮೇಲೆ ಬಂದದ್ದು. ಹೊಳೆಯುವ ಬೆಲ್ಲದ ಮೇಲೆ ಜನರಿಗೆ ಅನುಮಾನ ಹುಟ್ಟಿದ ಮೇಲೆ ಕಂದು ಬೆಲ್ಲಕ್ಕೆ ಬೇಡಿಕೆ ಬಂತು; ಹೈಡ್ರೋಸ್ ಇಲ್ಲದ ಬೆಲ್ಲವನ್ನೆಲ್ಲ ಸಾವಯವ ಬೆಲ್ಲವೆಂದು ಬೋರ್ಡು ಹಾಕಿ ಹೆದ್ದಾರಿಯ ಬದಿಯಲ್ಲಿ ಮಾರಲಾರಂಭಿಸಿದರು. ಆ ಕಬ್ಬಿಗೆ ಎಷ್ಟು ಯೂರಿಯಾ ಹೋಗಿದೆ, ಯಾವ ಕಳೆನಾಶಕ ಬಿದ್ದಿದೆ ಎಂದು ಯಾರೂ ಕೇಳುವುದಿಲ್ಲ. ಅದು ರಾಸಾಯನಿಕ ಬೆರೆಸದೆ ಕಾಯಿಸಿದ ಬೆಲ್ಲ, ಒಳ್ಳೆಯ ಬೆಲ್ಲವೂ ಹೌದು. ಸಾವಯವ ಬೆಲ್ಲ ಎನ್ನಬೇಕಾದರೆ ಕಬ್ಬಿನ ಗದ್ದೆಯಿಂದಲೇ ಲೆಕ್ಕ ಹಿಡಿಯಬೇಕು. ಕಪ್ಪು ಬಣ್ಣವೇ ಸಾಕ್ಷಿ ಎಂದಾದರೆ ಹಳೆಯ ಬೆಲ್ಲವನ್ನು ಮತ್ತೆ ಕರಗಿಸಿ ಕಪ್ಪಾಗಿಸಿದ್ದೂ ಸಾವಯವವಾಗುತ್ತದೆ.

ಕನ್ನಡ–ಸಂಸ್ಕೃತ ಓದುಗ

ಚರ್ಚೆ ಕೃಷಿಯ ಕಡೆಗೆ ವಾಲಿದೆ, ಅದು ಸಹಜ. ಆದರೆ ಸಾವಯವ ಎಂಬ ಮಾತು ರಸಾಯನಶಾಸ್ತ್ರಕ್ಕೂ ಕೃಷಿಗೂ ಬರುವ ಮೊದಲೇ ನಮ್ಮ ಶಾಸ್ತ್ರಗಳಲ್ಲಿ ಕೆಲಸ ಮಾಡುತ್ತಿತ್ತು. ಅವಯವಗಳಿಂದ ಕೂಡಿದ್ದು ಸಾವಯವ. ನ್ಯಾಯ ಮತ್ತು ವೈಶೇಷಿಕ ದರ್ಶನಗಳಲ್ಲಿ ಮಡಕೆ ಸಾವಯವ, ಏಕೆಂದರೆ ಅದಕ್ಕೆ ಭಾಗಗಳಿವೆ. ಪರಮಾಣು ಮತ್ತು ಆಕಾಶ ನಿರವಯವ, ಅವುಗಳಿಗೆ ಭಾಗಗಳಿಲ್ಲ. ಆ ಶಾಸ್ತ್ರಕಾರರ ಮುಂದೆ ಮೈಲುತುತ್ತಿನ ಹರಳನ್ನಿಟ್ಟರೆ ಅದನ್ನೂ ಸಾವಯವವೆಂದೇ ಹೇಳುತ್ತಿದ್ದರು. ಅಲಂಕಾರಶಾಸ್ತ್ರದಲ್ಲಿ ಸಾವಯವ ರೂಪಕವಿದೆ. ಸಂಸಾರವನ್ನು ಸಾಗರವೆಂದು ಹೇಳಿ ಅಲ್ಲಿಗೆ ಬಿಡದೆ, ಆಸೆಯನ್ನು ಅಲೆಯೆಂದೂ ಮೋಹವನ್ನು ಮೊಸಳೆಯೆಂದೂ ಗುರುವನ್ನು ನಾವಿಕನೆಂದೂ ಅಂಗಾಂಗವಾಗಿ ಬೆಳೆಸಿದರೆ ಅದು ಸಾವಯವ. ಮುಂದೆ ಇಂಗ್ಲಿಷ್ ವಿಮರ್ಶೆಯ ಪ್ರಭಾವದಿಂದ, ಒಂದು ಕವಿತೆಯ ಭಾಗಗಳು ಹೊರಗಿನಿಂದ ಅಂಟಿಸಿದಂತಿರದೆ ಒಂದು ಜೀವಿಯ ಅಂಗಗಳಂತೆ ಒಂದನ್ನೊಂದು ಪೋಷಿಸಬೇಕೆಂಬ ಅರ್ಥದಲ್ಲಿ ಸಾವಯವ ಶಿಲ್ಪ, ಸಾವಯವ ಏಕತೆ ಎಂಬ ಮಾತುಗಳು ನಮ್ಮ ವಿಮರ್ಶೆಗೆ ಬಂದವು. ಇಂಗ್ಲಿಷಿನ ಪದದ ಬೇರಾದ ಗ್ರೀಕಿನ ಆರ್ಗನಾನ್ ಎಂದರೆ ಉಪಕರಣ. ಅಂಗ, ಉಪಕರಣ ಎಂಬೆರಡು ಅರ್ಥಗಳು ಅಲ್ಲಿಯೂ ಬೆರೆತಿವೆ.

ಸಮಾಜಶಾಸ್ತ್ರ ಓದಿದವರಿಗೆ ಡರ್ಕ್‌ಹೈಮ್ 1893ರಲ್ಲಿ ಹೇಳಿದ ಸಾವಯವ ಐಕ್ಯ ನೆನಪಿರಬಹುದು. ಒಂದೇ ಬಗೆಯ ಜನರು ಒಂದಾಗಿರುವುದನ್ನು ಆತ ಯಾಂತ್ರಿಕವೆಂದನು. ಕಮ್ಮಾರ, ಒಕ್ಕಲಿಗ, ವೈದ್ಯ ಹೀಗೆ ಬೇರೆ ಬೇರೆ ಕೆಲಸದವರು ಒಬ್ಬರಿಲ್ಲದೆ ಒಬ್ಬರು ಬದುಕಲಾಗದಂತೆ ಹೆಣೆದುಕೊಂಡಿರುವುದನ್ನು ಸಾವಯವವೆಂದನು. ಇಲ್ಲಿ ಇಂಗಾಲವೂ ಇಲ್ಲ, ಗೊಬ್ಬರವೂ ಇಲ್ಲ, ಅಂಗಾಂಗ ಸಂಬಂಧ ಮಾತ್ರ ಇದೆ.

ಮಣ್ಣು ವಿಜ್ಞಾನ (ಧಾರವಾಡ)

ಓದುಗರು ಹೇಳಿದ ಅಂಗಾಂಗ ಸಂಬಂಧವೇ ಕೃಷಿಯ ಸಾವಯವಕ್ಕೂ ಮೂಲವಾಗಿದೆ ಎಂಬುದನ್ನು ಯಾರಾದರೂ ಹೇಳಬೇಕಿತ್ತು. ಕೃಷಿಯಲ್ಲಿ ಈ ಮಾತು ಇಂಗಾಲದಿಂದ ಬಂದದ್ದಲ್ಲ. 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ಈ ಹೆಸರನ್ನು ಬಳಕೆಗೆ ತಂದಾಗ, ಇಡೀ ಜಮೀನು ಒಂದು ಜೀವಿಯಂತೆ, ಮಣ್ಣು, ದನ, ಬೆಳೆ, ಮನುಷ್ಯ ಅದರ ಅಂಗಗಳು ಎಂಬುದು ಅವರ ಅರ್ಥವಾಗಿತ್ತು. ಅದೇ ವರ್ಷ ಆಲ್ಬರ್ಟ್ ಹೋವರ್ಡ್ ಅವರ ಕೃಷಿ ಗ್ರಂಥವೂ ಬಂತು. ಹೋವರ್ಡ್ ಭಾರತದಲ್ಲಿ ದಶಕಗಳ ಕಾಲ ದುಡಿದವರು. ಇಂದೋರಿನ ಸಂಸ್ಥೆಯಲ್ಲಿ ಅವರು ರೂಪಿಸಿದ ಕಾಂಪೋಸ್ಟ್ ಪದ್ಧತಿ ಇಂದಿಗೂ ಇಂದೋರ್ ಪದ್ಧತಿ ಎಂದೇ ನಮ್ಮ ಪಠ್ಯಗಳಲ್ಲಿದೆ, ಮತ್ತು ಇಲ್ಲಿನ ರೈತರೇ ತಮ್ಮ ಗುರುಗಳೆಂದು ಅವರು ಬಗೆದಿದ್ದರು. ಆದ್ದರಿಂದ ಕನ್ನಡದಲ್ಲಿ ಸಾವಯವ ಕೃಷಿ ಎಂಬ ಹೆಸರು ಆಕಸ್ಮಿಕವಾಗಿಯೇ ಇರಲಿ, ಮೂಲದ ಅರ್ಥಕ್ಕೆ ತುಂಬ ಹತ್ತಿರವಾಗಿದೆ. ರಸಾಯನಶಾಸ್ತ್ರದಲ್ಲಿ ಇಂಗಾಲದ ಸಂಯುಕ್ತಕ್ಕೆ ಈ ಪದವೇ ಹೆಚ್ಚು ಬಲವಂತದ್ದಾಗಿ ನನಗೆ ಕಾಣುತ್ತದೆ. ನಿಮ್ಮ ಪಾಠದ ಹೆಸರು ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಎಂದಿರುವುದು ಜಾಣತನವೇ.

ಆದರೆ ನಮ್ಮ ಮಣ್ಣು ಪರೀಕ್ಷೆಯಲ್ಲಿ ಎರಡು ಅರ್ಥಗಳೂ ಒಂದೇ ಕಾಗದದ ಮೇಲೆ ಕೂಡುತ್ತವೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಎಂಬ ಅಂಕಣವಿದೆ. ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ಕೊರತೆ, 0.75ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಉತ್ತಮ. ಅದು ರಸಾಯನಶಾಸ್ತ್ರದ ಅಳತೆ. ಯೂರಿಯಾ ಹಾಕುವವರ ಹೊಲದಲ್ಲಿಯೂ, ಅವರು ಸೆಗಣಿ ಗೊಬ್ಬರ ಬಿಡದೆ ಹಾಕಿದ್ದರೆ, ಆ ಅಂಕಿ ಚೆನ್ನಾಗಿರಬಹುದು. ಪ್ರಮಾಣಪತ್ರವಿರುವ ಹೊಲದಲ್ಲಿ ಅದು 0.4 ಇರಬಹುದು. ಬಯಲುಸೀಮೆಯ ಬಿಸಿಲಿಗೆ ಇಂಗಾಲ ಬೇಗ ಉರಿದು ಹೋಗುವುದರಿಂದ ಇಲ್ಲಿನ ರೈತರಿಗೆ ಅದನ್ನು ಏರಿಸುವುದೇ ದೊಡ್ಡ ಹೋರಾಟ, ಸಾವಯವ ಎಂಬ ಬೋರ್ಡಿಗಿಂತ ನಾನು ಮೊದಲು ನೋಡುವುದು ಆ ಅಂಕಿಯನ್ನು.

ಇನ್ನೊಂದು ಗೊಂದಲವಿದೆ. ಹಿಂದಿಯಲ್ಲಿ ಸಾವಯವಕ್ಕೆ ಜೈವಿಕ್ ಎನ್ನುತ್ತಾರೆ. ಪರಿವೀಕ್ಷಕರು ಹೇಳಿದ ಚಿಹ್ನೆಯಲ್ಲಿಯೂ ಅದೇ ಇದೆ. ಕನ್ನಡದಲ್ಲಿ ಜೈವಿಕ ಗೊಬ್ಬರವೆಂದರೆ ರೈಜೋಬಿಯಂ, ಅಜಟೋಬ್ಯಾಕ್ಟರಿನಂತಹ ಸೂಕ್ಷ್ಮಜೀವಿಗಳ ಪುಡಿ, ಅಂದರೆ ಬೀಜಕ್ಕೆ ಲೇಪಿಸುವಂಥದ್ದು. ಸಾವಯವ ಗೊಬ್ಬರವೆಂದರೆ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಹಿಂಡಿ. ಅಂಗಡಿಯಲ್ಲಿ ಒಂದನ್ನು ಕೇಳಿ ಇನ್ನೊಂದನ್ನು ಪಡೆದವರು ಕಡಿಮೆಯಿಲ್ಲ.

ಸಹಜ ಕೃಷಿಕ (ಚಾಮರಾಜನಗರ ಕಡೆ)

ಎಲ್ಲರೂ ರಾಸಾಯನಿಕ ಮತ್ತು ಸಾವಯವ ಎಂದು ಎರಡೇ ಪಂಗಡವಿದ್ದಂತೆ ಮಾತಾಡುತ್ತಿದ್ದೀರಿ. ನಾವು ಮೂರನೆಯವರು. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಕರ್ನಾಟಕದಲ್ಲಿ ಹರಡಿದಾಗಿನಿಂದ ನಮ್ಮನ್ನು ಸಾವಯವದವರು ಎಂದು ಕರೆದರೆ ನಾವು ಒಪ್ಪುವುದಿಲ್ಲ. ಲಾರಿಗಟ್ಟಲೆ ಕಾಂಪೋಸ್ಟ್, ಎರೆಗೊಬ್ಬರ, ಹಿಂಡಿ ಕೊಂಡು ತಂದು ಹಾಕುವುದಾದರೆ ರೈತನ ಜೇಬು ಖಾಲಿಯಾಗುವುದು ಯೂರಿಯಾದಲ್ಲಿ ಆದಂತೆಯೇ. ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋ ನಾಟಿ ಹಸುವಿನ ಸೆಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಕಲಸಿದ ಜೀವಾಮೃತ ಒಂದು ಎಕರೆಗೆ ಸಾಕು ಎನ್ನುವುದು ನಮ್ಮ ಕ್ರಮ. ಪ್ರಮಾಣಪತ್ರದ ಹಂಗೂ ನಮಗೆ ಬೇಡ. ಗ್ರಾಹಕ ತೋಟಕ್ಕೆ ಬಂದು ನೋಡಲಿ.

ಮಣ್ಣು ವಿಜ್ಞಾನ (ಧಾರವಾಡ)

ಕೊಳ್ಳುವ ಗೊಬ್ಬರದ ಖರ್ಚಿನ ಬಗ್ಗೆ ನಿಮ್ಮ ಮಾತು ನ್ಯಾಯವಾದದ್ದು. ಆದರೆ ಜೀವಾಮೃತದಲ್ಲಿರುವ ಸಾರಜನಕ ಒಂದು ಎಕರೆ ಬೆಳೆಗೆ ಬೇಕಾದದ್ದಕ್ಕಿಂತ ತೀರ ಕಡಿಮೆ. ಉಳಿದದ್ದು ಮುಚ್ಚಿಗೆ (ಮಣ್ಣಿನ ಮೇಲೆ ಹೊದಿಸುವ ಸೊಪ್ಪುಸದೆ), ದ್ವಿದಳ ಬೆಳೆ, ಮಣ್ಣಿನ ಹಳೆಯ ಸಂಚಯದಿಂದ ಬರಬೇಕು. ಆ ಮೂರನ್ನೂ ಬಿಟ್ಟು ಡ್ರಮ್ಮಿನ ನೀರೊಂದನ್ನೇ ನಂಬಿದವರು ಸೋತಿದ್ದಾರೆ. ಹೆಸರಿನ ಜಗಳಕ್ಕೆ ನಾನು ಬರುವುದಿಲ್ಲ.

ಸಹಜ ಕೃಷಿಕ (ಚಾಮರಾಜನಗರ ಕಡೆ)

ಮುಚ್ಚಿಗೆ ಇಲ್ಲದೆ ನೈಸರ್ಗಿಕ ಕೃಷಿಯೇ ಇಲ್ಲ ಮೇಡಂ, ಅದನ್ನು ಬಿಟ್ಟವರು ನಮ್ಮವರಲ್ಲ.

ವೈದ್ಯ

ನಮ್ಮಲ್ಲಿಯೂ ಈ ಪದವಿದೆ, ಚಿಕ್ಕದಾಗಿ ಹೇಳುತ್ತೇನೆ. ಅಂಗದಲ್ಲಿ ಕಣ್ಣಿಗೆ ಕಾಣುವ ದೋಷವಿದ್ದರೆ ಆರ್ಗ್ಯಾನಿಕ್ ಕಾಯಿಲೆ, ಅಂಗ ಸರಿಯಿದ್ದು ಅದರ ಕೆಲಸ ಮಾತ್ರ ಕೆಟ್ಟಿದ್ದರೆ ಫಂಕ್ಷನಲ್ ಎಂದು ಹೇಳುವುದು ರೂಢಿ. ಮನೋವೈದ್ಯದಲ್ಲಿ ಇದರಿಂದ ತೊಂದರೆಯಾಯಿತು. ಕೆಲವನ್ನು ಮಾತ್ರ ಆರ್ಗ್ಯಾನಿಕ್ ಎಂದರೆ ಉಳಿದ ಮಾನಸಿಕ ಕಾಯಿಲೆಗಳಿಗೆ ಮೆದುಳಿನಲ್ಲಿ ಆಧಾರವೇ ಇಲ್ಲವೆಂಬ ಭಾವ ಬರುತ್ತದೆಂದು ಅಮೆರಿಕದ ಮನೋವೈದ್ಯರ ಸಂಘ 1994ರ ತನ್ನ ಕೈಪಿಡಿಯಲ್ಲಿ ಆ ವಿಭಾಗದ ಹೆಸರನ್ನೇ ಕೈಬಿಟ್ಟಿತು. ‘ಡಾಕ್ಟರು ಆರ್ಗ್ಯಾನಿಕ್ ಅಂದರು, ಹಾಗಾದರೆ ಒಳ್ಳೆಯದೇ ಅಲ್ಲವೇ’ ಎಂದು ಕೇಳಿದ ರೋಗಿಯೊಬ್ಬರಿಗೆ ವಿವರಿಸುವುದು ಸುಲಭವಾಗಿರಲಿಲ್ಲ.

ಡಿಜಿಟಲ್ ಮಾರ್ಕೆಟಿಂಗ್

ನಮ್ಮ ಕಚೇರಿಯಲ್ಲಿ ದುಡ್ಡು ಕೊಡದೆ ತಾನಾಗಿ ಜನರನ್ನು ತಲುಪಿದ್ದು ಆರ್ಗ್ಯಾನಿಕ್ ರೀಚ್, ಬೇರೆ ಕಂಪನಿಗಳನ್ನು ಕೊಳ್ಳದೆ ತನ್ನ ವ್ಯಾಪಾರದಿಂದಲೇ ಬೆಳೆದದ್ದು ಆರ್ಗ್ಯಾನಿಕ್ ಗ್ರೋತ್. ಇವನ್ನು ಯಾರೂ ಸಾವಯವ ಎಂದು ಕರೆಯುವುದಿಲ್ಲ, ಕರೆಯುವ ಅಗತ್ಯವೂ ಇಲ್ಲ. ‘ತಾನಾಗಿ ಬೆಳೆದದ್ದು’ ಎಂದರೆ ಮುಗಿಯಿತು.

ಗ್ರಾಹಕಿ (ಬೆಂಗಳೂರು)

ಬೆಲ್ಲದ ವಿಷಯ ಓದಿ ನನ್ನ ಅಡುಗೆಮನೆಯ ಕಪಾಟನ್ನು ನೋಡಿದೆ. ಒಂದು ಉಪ್ಪಿನ ಪ್ಯಾಕೆಟ್ಟಿನ ಮೇಲೂ ಆರ್ಗ್ಯಾನಿಕ್ ಎಂದು ಬರೆದಿದೆ. ಉಪ್ಪನ್ನು ಯಾರೂ ಬೆಳೆಯುವುದಿಲ್ಲವಲ್ಲ? ಹಾಗೆಯೇ, ಸಂತೆಯಲ್ಲಿ ನೇರವಾಗಿ ಮಾರುವ ರೈತರ ಬಳಿ ಚಿಹ್ನೆ ಇರುವುದಿಲ್ಲ. ಅವರಿಂದ ಕೊಳ್ಳಬಾರದೇ?

ಹಿಂದೆ ಪ್ರಮಾಣನ ಪರಿವೀಕ್ಷಕನಾಗಿದ್ದವ

ಉಪ್ಪಿನ ವಿಷಯದಲ್ಲಿ ದೇಶಗಳೇ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದಲ್ಲಿ ಒಂದು ಆಹಾರದ ತೂಕದ ಶೇಕಡಾ 95 ಸಾವಯವವಾಗಿರಬೇಕೆಂದು ಲೆಕ್ಕ ಹಾಕುವಾಗ ನೀರನ್ನೂ ಉಪ್ಪನ್ನೂ ಮೊದಲೇ ಬದಿಗಿಡುತ್ತಾರೆ. ಯುರೋಪಿನ 2018ರ ನಿಯಮ ಸಮುದ್ರದ ಉಪ್ಪನ್ನೂ ಸಾವಯವ ಉತ್ಪನ್ನಗಳ ಪಟ್ಟಿಗೆ ಸೇರಿಸಿದೆ. ನನ್ನ ಮಟ್ಟಿಗೆ ಅದು ಪದವನ್ನು ಹಿಗ್ಗಿಸಿದ್ದು. ನಿಮ್ಮ ಪ್ಯಾಕೆಟ್ಟಿನಲ್ಲಿ ಚಿಹ್ನೆಯೂ ಪ್ರಮಾಣನದ ಸಂಖ್ಯೆಯೂ ಇಲ್ಲದಿದ್ದರೆ ಆ ಮಾತಿಗೆ ನೀವು ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಸಂತೆಯ ರೈತರಿಂದ ಧಾರಾಳವಾಗಿ ಕೊಳ್ಳಿ. ತಾನೇ ಬೆಳೆದದ್ದನ್ನು ನೇರವಾಗಿ ಬಳಕೆದಾರರಿಗೆ ಮಾರುವ ಸಣ್ಣ ರೈತನಿಗೆ 2017ರ ನಿಯಮಾವಳಿಯೇ ಪ್ರಮಾಣನದಿಂದ ವಿನಾಯಿತಿ ಕೊಟ್ಟಿದೆ, ಆದರೆ ಅವರು ಆ ಚಿಹ್ನೆಯನ್ನು ಹಾಕುವಂತಿಲ್ಲ. ಅಲ್ಲಿ ನಿಮಗಿರುವ ಸಾಧನ ಪ್ರಶ್ನೆ ಕೇಳುವುದು. ‘ಇದು ಸಾವಯವವೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಕಳೆ ಹೇಗೆ ತೆಗೆಸುತ್ತೀರಿ, ಹೋದ ವರ್ಷ ಈ ಹೊಲದಲ್ಲಿ ಏನಿತ್ತು, ಹುಳ ಬಿದ್ದಾಗ ಏನು ಮಾಡಿದಿರಿ ಎಂದು ಕೇಳಿ. ನಿಜವಾಗಿ ಮಾಡುವವರು ಈ ಪ್ರಶ್ನೆಗಳಿಗೆ ನೀವು ಸಾಕೆನ್ನುವವರೆಗೆ ಉತ್ತರ ಕೊಡುತ್ತಾರೆ.

ವಿಜ್ಞಾನದ ಮೇಷ್ಟ್ರು (ತುಮಕೂರು ಜಿಲ್ಲೆ)

ಎಲ್ಲರಿಗೂ ಧನ್ಯವಾದಗಳು. ದಾರಿಯ ಪರೀಕ್ಷೆ ಮತ್ತು ಅಣುವಿನ ಪರೀಕ್ಷೆ ಎಂಬ ಭೇದವನ್ನು ತರಗತಿಗೆ ಒಯ್ಯುತ್ತೇನೆ. ಉಪನ್ಯಾಸಕರಲ್ಲಿ ಒಂದು ಕೋರಿಕೆ. ಚೀಲದ ಯೂರಿಯಾವೂ ಗಂಜಲದ ಯೂರಿಯಾವೂ ಒಂದೇ ಎಂಬುದನ್ನು ಹಳ್ಳಿಯ ಶಾಲೆಯ ಸಲಕರಣೆಗಳಲ್ಲಿ ಮಾಡಿ ತೋರಿಸಲು ಸಾಧ್ಯವೇ?

ನಿವೃತ್ತ ಉಪನ್ಯಾಸಕ (ರಸಾಯನಶಾಸ್ತ್ರ)

ಸಾಧ್ಯವಿದೆ, ಹುರುಳಿ ಹಿಟ್ಟು ಸಾಕು. ಹುರುಳಿಯಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ, ಅದು ಯೂರಿಯಾವನ್ನು ಒಡೆದು ಅಮೋನಿಯಾ ಬಿಡಿಸುತ್ತದೆ. 1926ರಲ್ಲಿ ಜೇಮ್ಸ್ ಸಮ್ನರ್ ಇದೇ ಕಿಣ್ವವನ್ನು ಇನ್ನೊಂದು ಜಾತಿಯ ಅವರೆಯಿಂದ ಹರಳಾಗಿ ಬೇರ್ಪಡಿಸಿ, ಕಿಣ್ವಗಳು ಪ್ರೋಟೀನುಗಳೆಂದು ತೋರಿಸಿದ್ದು. ಹುರುಳಿಯನ್ನು ಹುರಿಯದೆ ಹಸಿಯಾಗಿಯೇ ಪುಡಿ ಮಾಡಿಸಿ, ಬಿಸಿ ತಾಗಿದರೆ ಕಿಣ್ವ ಕೆಡುತ್ತದೆ. ಮೂರು ಪ್ರನಾಳಗಳಲ್ಲಿ ಹಿಟ್ಟಿನ ನೀರು ಹಾಕಿ. ಒಂದಕ್ಕೆ ಸೊಸೈಟಿಯ ಯೂರಿಯಾ ಕರಗಿಸಿದ ನೀರು, ಇನ್ನೊಂದಕ್ಕೆ ಅಂದಿನ ತಾಜಾ ಗಂಜಲ, ಮೂರನೆಯದಕ್ಕೆ ಬರಿಯ ನೀರು ಬೆರೆಸಿ. ಕೆಂಪು ಲಿಟ್ಮಸ್ ಕಾಗದವನ್ನು ಒದ್ದೆ ಮಾಡಿ ಪ್ರನಾಳದ ಬಾಯಿಯ ಬಳಿ ಹಿಡಿಯಿರಿ. ದ್ರವದಲ್ಲಿ ಅದ್ದಬಾರದು, ಏಕೆಂದರೆ ಗಂಜಲ ತಾನೇ ತುಸು ಕ್ಷಾರೀಯವಾಗಿರುತ್ತದೆ. ಹಳೆಯ ಗಂಜಲ ಬೇಡ, ಅದರಲ್ಲಿ ಮೊದಲೇ ಅಮೋನಿಯಾ ಇರುತ್ತದೆ. ತಾಜಾ ಗಂಜಲವನ್ನೇ ಹಿಟ್ಟಿಲ್ಲದೆ ನಾಲ್ಕನೆಯ ಪ್ರನಾಳದಲ್ಲಿಟ್ಟರೆ ಹೋಲಿಸಲು ಅನುಕೂಲ. ಉಗುರುಬೆಚ್ಚಗಿನ ನೀರಿನಲ್ಲಿ ಪ್ರನಾಳಗಳನ್ನು ನಿಲ್ಲಿಸಿದರೆ ಒಂದೇ ಪೀರಿಯಡ್ಡಿನಲ್ಲಿ ಮೊದಲ ಎರಡರ ಕಾಗದ ನೀಲಿಯಾಗಬೇಕು. ಯಾವುದು ಸೊಸೈಟಿಯಿಂದ ಬಂತು, ಯಾವುದು ಕೊಟ್ಟಿಗೆಯಿಂದ ಬಂತು ಎಂಬುದನ್ನು ಹುರುಳಿಯ ಕಿಣ್ವ ಕೇಳುವುದಿಲ್ಲ, ಪರಿವೀಕ್ಷಕರು ಕೇಳುತ್ತಾರೆ. ಕಿಟಕಿಗಳನ್ನು ಮಾತ್ರ ತೆರೆದಿಡಿ.